ಗಂಡು ಬಾತ್ಮೀದಾರನಂತೆ

ಆ ಚಿತ್ರಕಥೆಯ ಹಾಳೆಗಳು ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದದ್ದು ಸೀರೆಗಳ ಹೊದಿಕೆಯಾಗಿ. ನಮ್ಮದು ನೇಕಾರರ ಮನೆ. ಹಜಾರದಲ್ಲಿ ಎದುರುಬದುರಾಗಿ ಎರಡು ಮಗ್ಗ. ಒಂದು ಅಪ್ಪನದು, ಇನ್ನೊಂದು ಚಿಕ್ಕಪ್ಪನದು. ನೇಯ್ದ ಸೀರೆಗಳನ್ನು ಚಿಕ್ಕಪ್ಪ ರೈಲಿನಲ್ಲಿ ಬೆಂಗಳೂರು ಪೇಟೆಗೆ ಒಯ್ದು ಅಂಗಡಿಗೆ ಹಾಕಿ ಬರುತ್ತಿದ್ದ. ಅಂಗಡಿಯವನು ಪ್ರತಿ ಸಲವೂ ಒಂದೆರಡು ಸೀರೆಯಲ್ಲಿ ದೋಷ ಹುಡುಕಿ ವಾಪಸು ಕಳಿಸುತ್ತಿದ್ದ. ಹಾಗೆ ವಾಪಸು ಬರುವ ಸೀರೆಯನ್ನು ಬೆಂಗಳೂರಿನಲ್ಲಿ ಸೈನ್ಯ ಬೀಡುಬಿಟ್ಟಿದ್ದ ದಂಡಿನ ಕಡೆಯಿಂದ ತೂಕಕ್ಕೆ ತಂದ ಹಳೇ ಕಾಗದದಲ್ಲಿ ಸುತ್ತಿರುತ್ತಿದ್ದರು. ಅದು ಯುದ್ಧದ ಕಾಲ. ದಂಡಿನಲ್ಲಿ ಯಾವ್ಯಾವುದೋ ದೇಶದ ಬಿಳಿಯರು ಬಂದು ಇಳಿದಿದ್ದರು, ಅವರ ಜೊತೆಗೆ ಅವರ ಪತ್ರಿಕೆಗಳೂ ಬಂದಿದ್ದವು. ಸೀರೆ ನೋಡಿ ಅಪ್ಪನಿಗೆ ಸಂಕಟ, ಅದನ್ನು ಸುತ್ತಿದ ಕಾಗದ ನೋಡಿ ನನಗೆ ಹಬ್ಬ. ಸೀರೆಯಲ್ಲಿ ಏನಾದರೂ ದೋಷ ಇರಲಪ್ಪಾ ದೇವರೇ ಎಂದು ಬೇಡಿಕೊಂಡ ನೇಕಾರರ ಮಗಳು ನಾನೊಬ್ಬಳೇ ಇರಬೇಕು.

ಹಾಳೆಯ ತುಂಬಾ ಚೌಕ ಚೌಕದ ಬಣ್ಣದ ಚಿತ್ರಗಳು. ಒಂದು ಚೌಕದಲ್ಲಿ ಒಬ್ಬ ತೆಳ್ಳನೆಯ ಯುವಕ ಗೋಡೆ ಹತ್ತುತ್ತಾನೆ, ಮುಂದಿನ ಚೌಕದಲ್ಲಿ ಬೀಳುತ್ತಾನೆ, ಅದರ ಮುಂದಿನದರಲ್ಲಿ ಕೋಟಿನ ಧೂಳು ಕೊಡವಿಕೊಂಡು ಓಡುತ್ತಾನೆ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಮಾತನಾಡುವವರ ಬಾಯಿಂದ ಬಿಳಿ ಬಲೂನು ಹೊರಟು ಅದರೊಳಗೆ ಅಕ್ಷರಗಳು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವಳು ಆ ಬಲೂನುಗಳನ್ನು ನೋಡಿ, "ಪಾಪ, ಅಲ್ಲಿ ಅದೆಷ್ಟು ಚಳಿಯೋ, ಎಲ್ರ ಬಾಯಿಂದ್ಲೂ ಹಬೆ ಬರ್ತಾ ಇದೆ" ಎಂದಳು. ಓದು ಬರುತ್ತಿದ್ದ ನಮ್ಮ ಗತಿಯೂ ಅದಕ್ಕಿಂತ ಮೇಲೇನೂ ಇರಲಿಲ್ಲ. ಅಕ್ಷರ ಇಂಗ್ಲಿಷಿನದಾದರೂ ಮಾತು ಇಂಗ್ಲಿಷಿನದಲ್ಲ. ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರಿಗೆ ತೋರಿಸಿದಾಗ ಅವರು ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, "ಫ್ರೆಂಚು ಇದ್ರೂ ಇರಬಹುದು" ಎಂದರು. ನಮಗೆ ಅಷ್ಟು ಸಾಕಾಯಿತು.

ಓದಿ ಹೇಳುವ ಕೆಲಸ ಚಿಕ್ಕಪ್ಪನದು. ನನ್ನ ಅವ್ವ ನಾನು ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದ್ದು ಅಜ್ಜಿಯಾದರೆ, ಹಾಳು ಮಾಡಿದ್ದು ಚಿಕ್ಕಪ್ಪ. ಇದು ಅಪ್ಪನ ಮಾತು. ಚಿಕ್ಕಪ್ಪ ಮಿಡ್ಲ್ ಸ್ಕೂಲಿನವರೆಗೆ ಓದಿದ್ದ, ಕಾಫಿ ಹೋಟೆಲಿಗೆ ಹೋಗಿ ದಿನಾ ಪೇಪರು ನೋಡುತ್ತಿದ್ದ. ಫ್ರೆಂಚು ಅವನಿಗೂ ಬರುತ್ತಿರಲಿಲ್ಲ. ಆದರೆ ಬರುವುದಿಲ್ಲ ಎಂದು ಒಂದು ದಿನವೂ ಒಪ್ಪಿಕೊಂಡವನಲ್ಲ. ನಾನು ರಾಟೆಯ ಮುಂದೆ ಕೂತು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರೆ, ಅವನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಹಾಳೆಯನ್ನು ತೊಡೆಯ ಮೇಲೆ ಹರಡಿ ಗಂಭೀರವಾಗಿ ಕನ್ನಡದಲ್ಲಿ ಓದುತ್ತಿದ್ದ.

"ಇವನು ಪತ್ರಿಕೆಯವನು ಕಣೇ. ಬಾತ್ಮೀದಾರ."

"ಹಂಗಂದ್ರೆ?"

"ಎಲ್ಲಿ ಏನಾಯ್ತು ಅಂತ ಹೋಗಿ ನೋಡ್ಕೊಂಡು ಬಂದು ಪೇಪರಿಗೆ ಬರೆಯೋನು."

"ಮತ್ತೆ ಕಳ್ಳರನ್ನ ಯಾಕೆ ಹಿಡೀತಾನೆ? ಅದು ಪೊಲೀಸಿನೋರ ಕೆಲ್ಸ ಅಲ್ವಾ?"

"ಪೊಲೀಸಿನೋರು ಹಿಡಿಯೋವರ್ಗೂ ಕಾಯ್ತಾ ಕೂತ್ರೆ ನಾಳೆ ಪೇಪರಲ್ಲಿ ಏನ್ ಹಾಕ್ತಾನೆ?"

ಈ ಉತ್ತರ ನನಗೆ ಬಹಳ ಸರಿ ಎನಿಸಿತು. ಈಗಲೂ ಸರಿಯೇ ಎನಿಸುತ್ತದೆ.

ನಮ್ಮಲ್ಲಿದ್ದ ಒಂದು ತೊಂದರೆ ಎಂದರೆ ಹಾಳೆಗಳು ಬಿಡಿಬಿಡಿ. ಕಥೆ ವಾರವಾರ ಬರುವಂಥದು, ನಮಗೆ ಸಿಗುತ್ತಿದ್ದದ್ದು ಎಲ್ಲಿಯದೋ ಒಂದು ಪುಟ. ಕಥೆ ಮುಗಿಯುವ ಪುಟವಂತೂ ನಮ್ಮ ಹತ್ತಿರ ಇದ್ದದ್ದು ಒಂದೇ ಒಂದು. ಅದರಲ್ಲಿ ನಮ್ಮ ಬಾತ್ಮೀದಾರ ಒಂದು ದೊಡ್ಡ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ, ಬೋಳುತಲೆಯ ದಪ್ಪ ಮೀಸೆಯ ಗಂಡಸೊಬ್ಬನ ಕಡೆಗೆ ಬೆರಳು ತೋರಿಸಿ ನಿಂತಿದ್ದ. ಹಾಗಾಗಿ ಚಿಕ್ಕಪ್ಪನ ಕಥೆಗಳಲ್ಲಿ ಕದ್ದದ್ದು ರಾಣಿಯ ಸರವಿರಲಿ, ಬ್ಯಾಂಕಿನ ಚಿನ್ನವಿರಲಿ, ಊರ ಹಸುವಿರಲಿ, ಕೊನೆಗೆ ಸಿಕ್ಕಿಬೀಳುತ್ತಿದ್ದವನು ಅದೇ ಬೋಳುತಲೆಯವನು. ಎಷ್ಟು ಸಲ ಜೈಲಿಗೆ ಹಾಕಿದರೂ ಮುಂದಿನ ವಾರ ಅವನು ಹೊರಗಿರುತ್ತಿದ್ದ. ಅಜ್ಜಿ, "ಆ ದೇಶದ ಜೈಲಿಗೆ ಬಾಗ್ಲೇ ಇಲ್ವೇನೋ" ಎನ್ನುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಪುಸ್ತಕದಂಗಡಿಯೊಂದರಲ್ಲಿ ಮೊಮ್ಮಗಳ ಜೊತೆ ನಿಂತಿದ್ದಾಗ ಅದೇ ಕೋಟು, ಅದೇ ಪೆನ್ಸಿಲು ಕಣ್ಣಿಗೆ ಬಿತ್ತು. ಒಂದು ಸಾಲು ತುಂಬ ಅವನದೇ ಪುಸ್ತಕಗಳು. ಯೂರೋಪಿನಲ್ಲಿ ಆ ಚಿತ್ರಕಥೆ ನಿಲ್ಲದೆ ನಡೆದುಕೊಂಡೇ ಬಂದಿದೆಯಂತೆ, ಬರೆಯುವವರು ಬದಲಾದರೂ ಅವನು ಬದಲಾಗಿಲ್ಲವಂತೆ. ನನ್ನ ತಲೆ ಪೂರ್ತಿ ಬೆಳ್ಳಗಾಗಿತ್ತು, ಅವನಿಗೆ ಒಂದು ಕೂದಲೂ ನರೆತಿರಲಿಲ್ಲ. ಹುಡುಗಿಯಾಗಿದ್ದಾಗ ಅವನೆಂದರೆ ನನಗೆ ಪ್ರಾಣ. ಮದುವೆಯಾದರೆ ಇಂಥವನನ್ನೇ ಆಗಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ದೊಡ್ಡಬಳ್ಳಾಪುರದಲ್ಲಿ ಇಂಥವನು ಎಲ್ಲಿ ಸಿಗುತ್ತಾನೆ ಎಂಬ ಯೋಚನೆ ಮಾತ್ರ ಮಾಡಿರಲಿಲ್ಲ.

ಯುದ್ಧ ಮುಗಿಯಿತು. ದೇಶಕ್ಕೆ ಸ್ವಾತಂತ್ರ್ಯವೂ ಬಂತು. ಆದರೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಮಹಾರಾಜರ ಸರ್ಕಾರವೇ ನಡೆದಿತ್ತು. ಜವಾಬ್ದಾರಿ ಸರ್ಕಾರ ಬೇಕು ಎಂದು ಊರೂರಲ್ಲಿ ಚಳವಳಿ ಎದ್ದಿತು. ಚಿಕ್ಕಪ್ಪ ಸುಮ್ಮನಿರುವ ಪೈಕಿಯಲ್ಲ. ಒಂದು ದಿನ ಮೆರವಣಿಗೆಯ ನಡುವೆ ತಾಲ್ಲೂಕು ಕಚೇರಿಯ ಮಾಡು ಹತ್ತಿ ಬಾವುಟ ಕಟ್ಟಿದ. ಕಟ್ಟಿದ್ದು ಸರಿ, ಇಳಿದು ಬರುವಾಗ ಹಿಂಬಾಗಿಲಿನಿಂದ ಓಡಿದ್ದೂ ಸರಿ. ಮರುದಿನದಿಂದ ಪೊಲೀಸರು ಅವನನ್ನು ಹುಡುಕತೊಡಗಿದರು. ಊರಿಗೆಲ್ಲ ಅಪ್ಪ, "ತುಮಕೂರಿನ ಕಡೆ ನೆಂಟರ ಮನೆಗೆ ಹೋದ, ಸುಳಿವೇ ಇಲ್ಲ" ಎಂದು ಹೇಳಿಕೊಂಡು ಬಂದ. ಚಿಕ್ಕಪ್ಪ ಇದ್ದದ್ದು ನಮ್ಮ ತಲೆಯ ಮೇಲೇ, ಹಜಾರದ ಅಟ್ಟದಲ್ಲಿ.

ಅಟ್ಟದಲ್ಲಿ ಸುಮ್ಮನೆ ಮಲಗಿರುವುದೂ ಅವನಿಂದಾಗಲಿಲ್ಲ. ಹಗಲು ಮುಂಬಾಗಿಲು ಹಾಕಿಕೊಂಡು ಕೆಳಗಿಳಿದು ನೇಯುತ್ತೇನೆ ಎಂದು ಹಟ ಹಿಡಿದ. ಆದರೆ ಮಗ್ಗದ ಸದ್ದು ಬೀದಿಗೆ ಕೇಳುತ್ತದೆ. ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆ ಒಂದು ಮನೆಯಲ್ಲಿ ಎಷ್ಟು ಮಗ್ಗ ನಡೆಯುತ್ತಿದೆ ಎಂದು ಕಣ್ಣು ಮುಚ್ಚಿಕೊಂಡೇ ಗೊತ್ತಾಗುತ್ತದೆ. ಅದಕ್ಕೆ ಅಣ್ಣತಮ್ಮಂದಿರು ಒಂದು ಉಪಾಯ ಮಾಡಿದರು. ಒಬ್ಬ ನೇಯುವಾಗ ಇನ್ನೊಬ್ಬ ಕೈ ಕಟ್ಟಿ ಕೂರಬೇಕು. ಬೀದಿಗೆ ಒಂದೇ ಮಗ್ಗದ ಸದ್ದು. ಅಪ್ಪ ಊಟಕ್ಕೆ ಎದ್ದರೆ ಚಿಕ್ಕಪ್ಪನ ಮಗ್ಗ ಶುರು. ಪಕ್ಕದ ಮನೆಯಾಕೆ ಅಜ್ಜಿಯನ್ನು ಕಂಡು, "ನಿಮ್ಮ ದೊಡ್ಡ ಮಗ ಊಟಕ್ಕೂ ಏಳಲ್ವಾ, ಪಾಪ, ಒಬ್ನೇ ದುಡೀತಾ ಇದಾನೆ" ಎಂದು ಮರುಗಿದಳು. ಅಪ್ಪನಿಗೆ ಜೀವನದಲ್ಲಿ ಅಷ್ಟು ಒಳ್ಳೆಯ ಹೆಸರು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಇಂಥ ಹೊತ್ತಿನಲ್ಲಿ ದಾರದ ಸಾಬರು ಸಂಬಂಧ ತಂದರು. ಅವರು ರೇಷ್ಮೆ ದಾರ, ನೂಲು ಹೊತ್ತು ಊರೂರು ತಿರುಗುವವರು. ಎಲ್ಲ ನೇಕಾರರ ಮನೆಯ ಒಳಹೊರಗೂ ಅವರಿಗೆ ಗೊತ್ತು. ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಶುರುಮಾಡಿದರು.

"ದೇವನಹಳ್ಳಿ ಹುಡುಗ ಯಜಮಾನ್ರೇ. ನಿಮ್ಮ ಪೈಕೀನೇ. ಭಾಳ ಶರೀಫ್. ಮನೇಲಿ ಮಗ್ಗ ಐತೆ, ಕೈಯಲ್ಲಿ ಕೆಲ್ಸ ಐತೆ. ಮೇಲಿಂದ ಬಾತ್ಮೀದಾರ ಬೀ ಇದ್ದಾನೆ."

ಒಳಗೆ ಕಂಡಿಕೆ ಸುತ್ತುತ್ತಿದ್ದ ನನ್ನ ಕೈ ನಿಂತುಹೋಯಿತು. ಹೊರಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪನ ಕೈಯೂ ನಿಂತುಹೋಯಿತು. ನನಗೆ ಆ ಮಾತಿನಲ್ಲಿ ಕೇಳಿದ್ದು ಕೋಟು, ಪೆನ್ಸಿಲು, ಗೋಡೆ ಹತ್ತುವ ಕಾಲು. ಅಪ್ಪನಿಗೆ ಕೇಳಿದ್ದೇ ಬೇರೆ. ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಬಾತ್ಮೀದಾರ ಎಂದರೆ ಯಾರ ಮನೆಯಲ್ಲಿ ಯಾರು ಅಡಗಿದ್ದಾರೆ ಎಂದು ಠಾಣೆಗೆ ಹೋಗಿ ಕಿವಿಯಲ್ಲಿ ಊದುವವನು. ಯಾರನ್ನಾದರೂ ಹಾಗೆಂದು ಕರೆದರೆ ಹೊಡೆದಾಟವೇ ಆಗುತ್ತಿತ್ತು. ಒಂದೇ ಪದ, ಎರಡು ಕೆಲಸ. ಸಾಬರಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಮದುವೆಯೇ ಆಗಿಹೋಯಿತು ಎನ್ನುವ ಹಾಗೆ ಎದ್ದು ಹೊರಟರು.

ಅವರು ಹೋದ ಮೇಲೆ ಅಪ್ಪ, "ಮನೇಗೆ ಮಾರಿ ಕರ್ಕೊಂಡ್ ಬರ್ತಾ ಇದಾನೆ ಸಾಬಿ" ಎಂದ.

ನನಗೆ ತಡೆಯಲಾಗಲಿಲ್ಲ. "ಬಾತ್ಮೀದಾರ ಅಂದ್ರೆ ಪೇಪರಿನೋನು ಅಪ್ಪಾ. ಪೇಪರಲ್ಲಿ 'ನಮ್ಮ ಬಾತ್ಮೀದಾರರಿಂದ' ಅಂತ ಹಾಕಿರಲ್ವಾ?"

"ಪೇಪರಿಗೆ ಹೇಳೋನು ಪೊಲೀಸಿಗೆ ಹೇಳಲ್ಲ ಅಂತ ಏನು ಗ್ಯಾರಂಟಿ? ಒಟ್ನಲ್ಲಿ ಹೇಳೋನೇ ತಾನೇ?"

ಅಟ್ಟದಿಂದ ಒಂದು ನಗು ಕೇಳಿತು. ಅಪ್ಪ ಮೇಲೆ ನೋಡಿ, "ನೀನು ಮುಚ್ಕೊಂಡಿರು" ಎಂದ.

ಬೇಡ ಎಂದು ಹೇಳಿಕಳಿಸುವುದೇ ಎಂದು ಅಪ್ಪ ತೀರ್ಮಾನಿಸಿದ್ದ. ತಡೆದವಳು ಅಜ್ಜಿ. "ನೋಡ್ದೇನೇ ಬೇಡ ಅಂದ್ರೆ ಯಾಕೆ ಬೇಡ ಅಂತ ಕೇಳ್ತಾರೆ. ಆ ಮನೇಲಿ ಏನೋ ಇದೆ ಅಂತಾರೆ. ಬರ್ಲಿ, ಉಪ್ಪಿಟ್ಟು ತಿನ್ಲಿ, ಹೋಗ್ಲಿ. ಆಮೇಲೆ ಜಾತಕ ಕೂಡ್ಲಿಲ್ಲ ಅಂದ್ರಾಯ್ತು."

ಹೀಗೆ ನನ್ನನ್ನು ನೋಡಲು ಗಂಡು ಬರುವ ಮೊದಲೇ ಅವನಿಗೆ ಇಲ್ಲ ಎನ್ನುವುದು ನಮ್ಮ ಮನೆಯಲ್ಲಿ ತೀರ್ಮಾನವಾಗಿಹೋಯಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ಸುತ್ತಿದ ಕಂಡಿಕೆಗಳೆಲ್ಲ ಗಂಟುಗಂಟಾದವು. ಕಾಫಿ ಹೋಟೆಲಿನಿಂದ ಚಿಕ್ಕಪ್ಪ ಹಿಂದೆ ತಂದಿಟ್ಟಿದ್ದ ಹಳೇ ಪೇಪರುಗಳನ್ನು ಗೂಡಿನಿಂದ ತೆಗೆದು, ದೇವನಹಳ್ಳಿಯ ಸುದ್ದಿ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಒಂದು ಕೊಲೆ, ಒಂದು ದರೋಡೆ, ಹೋಗಲಿ, ಒಂದು ಸಣ್ಣ ಕಳ್ಳತನ? ಇದ್ದದ್ದು 'ನಮ್ಮ ದೇವನಹಳ್ಳಿ ಬಾತ್ಮೀದಾರರಿಂದ' ಎಂದು ಹಾಕಿದ್ದ, ಬಾವಿಗೆ ಬಿದ್ದ ಎಮ್ಮೆಯ ಸುದ್ದಿ. ಊರವರು ಹಗ್ಗ ಹಾಕಿ ಎಮ್ಮೆಯನ್ನು ಎತ್ತಿದರು ಎಂದು ಬರೆದಿತ್ತು. ನನಗೆ ನಿರಾಸೆಯಾಯಿತು. ಆದರೆ ಕೊನೆಗೆ ಇನ್ನೊಂದು ಸಾಲಿತ್ತು. ಮೇಲೆ ಬಂದ ಎಮ್ಮೆ ಯಾರನ್ನೂ ತಿರುಗಿ ನೋಡದೆ ಅಲ್ಲೇ ಹುಲ್ಲು ಮೇಯತೊಡಗಿತು ಎಂದು. ಬೇರೆ ಯಾರಾದರೂ ಆಗಿದ್ದರೆ ಎಮ್ಮೆ ಮೇಲೆ ಬಂದ ಕೂಡಲೇ ಸುದ್ದಿ ಮುಗಿಯಿತು ಎಂದು ಮನೆಗೆ ಹೋಗಿರುತ್ತಿದ್ದರು. ಇವನು ಆಮೇಲೂ ನಿಂತು ಎಮ್ಮೆ ಏನು ಮಾಡಿತು ಎಂದು ನೋಡಿದ್ದಾನೆ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ನನಗೆ ಅವನು ಬೇಕು ಎನಿಸಿದ್ದು ಆಗಲೇ.

ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆ ಎಂದಿದ್ದವರು ಬೆಳಗಿನ ಬಸ್ಸಿಗೇ ಬಂದುಬಿಟ್ಟರು. ಅಪ್ಪ ಬಚ್ಚಲಲ್ಲಿದ್ದ. ಚಿಕ್ಕಪ್ಪ ಹೊಸ ಕಂಡಿಕೆ ಹಾಕಿ ಆಗತಾನೇ ಮಗ್ಗಕ್ಕೆ ಕೂತಿದ್ದ, ಸದ್ದು ಇನ್ನೂ ಎದ್ದಿರಲಿಲ್ಲ. ಬಾಗಿಲ ಚಿಲಕ ಬಡಿದ ಸದ್ದಿಗೆ ಅವನು ಲಾಳಿಯನ್ನು ಅಲ್ಲೇ ಎಳೆಗಳ ನಡುವೆ ಬಿಟ್ಟು ಏಣಿ ಹತ್ತಿ, ಏಣಿಯನ್ನೂ ಮೇಲಕ್ಕೆಳೆದುಕೊಂಡ. ಅಜ್ಜಿ ಬಾಗಿಲು ತೆಗೆದಳು. ಬಂದವರು ಇಬ್ಬರು. ಮುಂದೆ ಹುಡುಗನ ಸೋದರಮಾವ, ಹಿಂದೆ ಹುಡುಗ. ಸೋದರಮಾವನನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿ ನಾನು ಸೆರಗು ಬಾಯಿಗೆ ತುರುಕಿಕೊಳ್ಳಬೇಕಾಯಿತು. ಬೋಳುತಲೆ, ದಪ್ಪ ಮೀಸೆ. ಸಿಕ್ಕಿಬೀಳಲು ನಮ್ಮ ಮನೆಗೇ ನಡೆದುಕೊಂಡು ಬಂದಂತಿದ್ದ.

ನಗು ನಿಂತದ್ದು ಆ ಮಾವ ಪರಿಚಯ ಹೇಳಿಕೊಂಡಾಗ. "ನಾನು ಪೊಲೀಸ್ ಇಲಾಖೇಲಿ ದಫೇದಾರ ಆಗಿದ್ದೆ. ಈಗ ರಿಟೈರು. ಆದ್ರೂ ಠಾಣೇಲಿ ನಮ್ ಮಾತು ನಡೀತದೆ." ಒದ್ದೆ ತಲೆ ಒರೆಸಿಕೊಳ್ಳುತ್ತಾ ಬಂದ ಅಪ್ಪನ ಕೈ ಟವಲಿನಲ್ಲೇ ಉಳಿಯಿತು. ಗಂಡು ಬಾತ್ಮೀದಾರ, ಮಾವ ದಫೇದಾರ, ತಮ್ಮ ಅಟ್ಟದ ಮೇಲೆ.

ಹುಡುಗನಿಗೆ ಕೋಟಿರಲಿಲ್ಲ. ಬಿಳಿ ಅಂಗಿ, ಪಂಚೆ, ಸೈಕಲ್ಲು ತುಳಿದು ಕಪ್ಪಾದ ಮುಖ. ಕಿವಿಯ ಮೇಲೆ ಪೆನ್ಸಿಲೂ ಇರಲಿಲ್ಲ. ಚಾಪೆ ಹಾಸಿದ್ದು ಎರಡು ಮಗ್ಗಗಳ ನಡುವೆ. ಅವನು ಕೂತದ್ದು ಚಿಕ್ಕಪ್ಪನ ಮಗ್ಗದ ಪಕ್ಕ. ನಾನು ಉಪ್ಪಿಟ್ಟು, ನೀರು ತಂದಿಟ್ಟು ತಲೆ ತಗ್ಗಿಸಿ ಗೋಡೆಗೆ ನಿಂತೆ. ತಲೆ ತಗ್ಗಿಸಿದರೆ ಎಲ್ಲಾ ಇನ್ನೂ ಚೆನ್ನಾಗಿ ಕಾಣುತ್ತದೆ ಎನ್ನುವುದು ಹೆಣ್ಣು ನೋಡಲು ಬಂದವರಿಗೆ ತಿಳಿದಿರುವುದಿಲ್ಲ.

ದಫೇದಾರರು ಕೇಳಿದರು, "ಎರಡು ಮಗ್ಗ ಇದೆ. ಇನ್ನೊಂದು ಯಾರು ನೇಯ್ತಾರೆ?"

"ನನ್ ತಮ್ಮ. ಅವನು ತುಮಕೂರ ಕಡೆ ಹೋಗಿ ತಿಂಗ್ಳಾಗ್ತಾ ಬಂತು. ಅವತ್ತಿನಿಂದ ಆ ಮಗ್ಗ ಮುಟ್ಟಿದೋರಿಲ್ಲ" ಎಂದ ಅಪ್ಪ.

ಅಪ್ಪ ಹೇಳಿದ ಸುಳ್ಳು ಬೀದಿಯಲ್ಲಿ ನಿಂತವರಿಗೆ ಸಾಕಾಗಿತ್ತು, ಮಗ್ಗದ ಪಕ್ಕ ಕೂತ ನೇಕಾರನಿಗೆ ಸಾಲದು. ನಮ್ಮಲ್ಲಿ ಅಡ್ಡಕ್ಕೆ ಓಡುವ ಹೊಕ್ಕಿನ ನೂಲನ್ನು ಒಣಗಿಸಿ ನೇಯುವುದಿಲ್ಲ, ಕಂಡಿಕೆಯನ್ನು ನೀರಿನಲ್ಲಿ ಅದ್ದಿ ಒದ್ದೆಯಾಗಿಯೇ ಲಾಳಿಗೆ ಹಾಕುತ್ತೇವೆ. ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ. ಹುಡುಗನ ಕೈ ಸುಮ್ಮನೆ, ನೇಕಾರರ ಮಕ್ಕಳ ಕೈ ಹೋಗುವ ಹಾಗೆ, ಪಕ್ಕದ ಮಗ್ಗದ ಮೇಲೆ ಹೋಯಿತು. ಎಳೆಗಳ ನಡುವೆ ಸಿಕ್ಕಿಕೊಂಡಿದ್ದ ಲಾಳಿ ಮುಟ್ಟಿದ. ಅದರೊಳಗಿನ ಕಂಡಿಕೆ ಮುಟ್ಟಿದ. ಬೆರಳನ್ನು ಹಿಂದಕ್ಕೆ ತೆಗೆದು ನೋಡಿಕೊಂಡ. ತಿಂಗಳಿಂದ ಯಾರೂ ಮುಟ್ಟದ ಮಗ್ಗದಿಂದ ಅವನ ಬೆರಳು ಒದ್ದೆಯಾಗಿತ್ತು. ಒಂದು ಕ್ಷಣ ಅವನ ಕಣ್ಣು ಅಟ್ಟದ ಕಡೆ ಹೋಗಿ ಬಂತು. ಅವನಿಗೆ ಗೊತ್ತಾಗಿತ್ತು.

ಅಷ್ಟರಲ್ಲಿ ದಫೇದಾರರು, "ಎಲ್ಲಿ, ನಿಮ್ ತಮ್ಮನ ಕೈ ಹೆಂಗಿದೆ ನೋಡೋಣ" ಎನ್ನುತ್ತಾ ಅದೇ ಮಗ್ಗದ ಕಡೆ ಬಾಗಿದರು. ಅವರೂ ನೇಕಾರರ ಮನೆಯಲ್ಲೇ ಹುಟ್ಟಿದವರು. ಅವರ ಕೈಯೂ ಲಾಳಿಯ ಕಡೆಗೇ ಹೊರಟಿತು.

ಹುಡುಗ ನೀರಿನ ಚೊಂಬು ಎತ್ತಿಕೊಂಡ. ಕುಡಿಯುವ ಹಾಗೆ ಮಾಡಿ, ಕೈ ಜಾರಿದವನ ಹಾಗೆ ಇಡೀ ಚೊಂಬನ್ನು ಮಗ್ಗದ ಮೇಲೆ ಕವುಚಿದ. ಲಾಳಿ, ಕಂಡಿಕೆ, ನೇಯ್ದ ಸೆರಗು, ಗಂಜಿ ಹಾಕಿ ಒಣಗಿಸಿದ್ದ ಹಾಸಿನ ಎಳೆಗಳು, ಎಲ್ಲಾ ತೊಪ್ಪೆ. ದಫೇದಾರರು ಹಿಂದಕ್ಕೆ ಹಾರಿದರು. "ಲೋ ದರಿದ್ರದೋನೇ, ಚೊಂಬು ಹಿಡಿಯೋಕೂ ಬರಲ್ವೇನೋ ನಿಂಗೆ?" ಎಂದು ಬೈದರು. ಹುಡುಗ ತಲೆ ಕೆರೆದುಕೊಂಡು, "ಕೈ ಜಾರಿಬಿಡ್ತು ಮಾವಾ" ಎಂದು ತನ್ನ ಟವಲಿನಿಂದ ಲಾಳಿಯನ್ನೇ ಮೊದಲು ಎತ್ತಿ ಒರೆಸತೊಡಗಿದ. ಇನ್ನು ಯಾವ ಒದ್ದೆ ಯಾವುದೆಂದು ದೇವರೇ ಬಂದರೂ ಹೇಳುವಂತಿರಲಿಲ್ಲ. ಅವನು ಒರೆಸುತ್ತಾ ಒಮ್ಮೆ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸುವುದನ್ನು ಮರೆತು ಅವನನ್ನೇ ನೋಡುತ್ತಿದ್ದೆ.

ಅವರು ಹೋದ ಮೇಲೆ ಅಪ್ಪನ ಕೂಗಾಟ ಶುರುವಾಯಿತು. ಮಗ್ಗದ ಮೇಲೆ ನೀರು ಚೆಲ್ಲುವುದೆಂದರೆ ನಮ್ಮವರಲ್ಲಿ ಅನ್ನದ ತಟ್ಟೆ ಒದ್ದ ಹಾಗೆ. "ಇಂಥೋನಿಗೆ ಹೆಣ್ಣು ಕೊಡಬೇಕಾ? ಜಾತಕಗೀತಕ ಏನೂ ಬೇಡ. ನೀರು ಚೆಲ್ದ, ಅದಕ್ಕೇ ಕೊಡಲ್ಲ ಅಂತ ನೇರವಾಗಿ ಹೇಳಿಕಳಿಸ್ತೀನಿ!"

ನಾನು ಬಾಯಿ ತೆಗೆಯುವ ಮೊದಲೇ ಚಿಕ್ಕಪ್ಪ ಅಟ್ಟದಿಂದ ಧುಮುಕಿದ. ಹಲಗೆಯ ಸಂದಿಯಿಂದ ಅವನೂ ಎಲ್ಲಾ ನೋಡಿದ್ದ. "ಅಣ್ಣಾ, ನೇಕಾರನ ಮಗ ಮಗ್ಗದ ಮೇಲೆ ಕೈ ಜಾರಿ ನೀರು ಚೆಲ್ತಾನಾ? ನೀನು ಹುಟ್ಟಿದಾಗಿನಿಂದ ಒಂದ್ಸಲ ಚೆಲ್ಲಿದ್ಯಾ?"

ನಾನು ಕಂಡಿಕೆ, ಬೆರಳು, ದಫೇದಾರರ ಕೈ ಎಲ್ಲಾ ಹೇಳಿದೆ. ಅಪ್ಪ ಕೇಳಿ ಮೆತ್ತಗಾಗುತ್ತಾನೆ ಎಂದುಕೊಂಡಿದ್ದೆ. ಆದದ್ದು ತದ್ವಿರುದ್ಧ.

"ಹಂಗಾದ್ರೆ ಅವನಿಗೆ ಗೊತ್ತು! ಇವತ್ತು ಮಾವನ ಮುಂದೆ ಮುಚ್ಚಿಟ್ಟ, ನಾಳೆ ಹೇಳ್ದೆ ಇರ್ತಾನಾ? ಪೇಪರಿಗೆ ಬರೀದೆ ಇರ್ತಾನಾ? ಲೋ, ಈಗ್ಲೇ ಹೊರಡು. ಘಾಟಿ ಕಡೆ ಯಾರ್ದಾದ್ರೂ ತೋಟದಲ್ಲಿ ಇದ್ಬಿಡು."

ಚಿಕ್ಕಪ್ಪ ಮಗ್ಗದ ಅಂಚಿಗೆ ಕೂತ. ಒದ್ದೆ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಾ, "ನಾನೆಲ್ಲೂ ಹೋಗಲ್ಲ" ಎಂದ. "ಇದೇ ಅಟ್ಟದಲ್ಲಿ ಇರ್ತೀನಿ. ಅವನು ಎಂಥೋನು ಅಂತ ನಮಗೆ ಗೊತ್ತಾಗಬೇಕಲ್ಲ? ಪೊಲೀಸ್ನೋರು ಬಂದ್ರೆ ನೀನು ಗೆದ್ದೆ. ಬರ್ಲಿಲ್ಲ ಅಂದ್ರೆ ಹುಡುಗೀನ ಅವನಿಗೆ ಕೊಡು."

ಇದು ತಮಾಷೆಯ ಮಾತಲ್ಲ. ಸಿಕ್ಕಿಬಿದ್ದವರನ್ನು ಲಾಠಿಯಲ್ಲಿ ಹೊಡೆದು ಒಯ್ದ ಸುದ್ದಿ ದಿನಾ ಕೇಳುತ್ತಿದ್ದೆವು. ಆ ಹುಡುಗ ಬೇಕು ಎಂದು ಎಷ್ಟು ಅನಿಸಿತ್ತೋ ಅಷ್ಟೇ ಗಟ್ಟಿಯಾಗಿ ಈ ಸಂಬಂಧವೇ ಬರಬಾರದಿತ್ತು ಎನಿಸಿತು. "ಚಿಕ್ಕಪ್ಪಾ, ನಂಗೆ ಮದ್ವೇನೇ ಬೇಡ. ನೀನು ಹೋಗು" ಎಂದು ಅವನ ಕೈ ಹಿಡಿದು ಅತ್ತೆ.

"ಎಮ್ಮೆ ಸುದ್ದೀನ ನಾನೂ ಓದಿದೀನಿ ಕಣೇ" ಎಂದ ಚಿಕ್ಕಪ್ಪ. "ನಡಿ, ಕಂಡಿಕೆ ಸುತ್ತು. ಹಾಸು ಹಾಳಾಗಿದೆ, ಕೆಲ್ಸ ಬೇಕಾದಷ್ಟಿದೆ."

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ, ಚಿಕ್ಕಪ್ಪನೊಬ್ಬನನ್ನು ಬಿಟ್ಟು. ಬೀದಿಯಲ್ಲಿ ಬೂಟಿನ ಸದ್ದಾದರೆ ಅಪ್ಪನ ಮಗ್ಗ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಬೂಟಿನ ಸದ್ದು ನಮ್ಮ ಬಾಗಿಲಿಗೇ ಬಂದು ನಿಂತಿತು. ಪೊಲೀಸ್ ಪೇದೆ. ಕೆಂಪು ಪೇಟ, ಕೈಯಲ್ಲಿ ಲಾಠಿ. ಅಪ್ಪ ಎದ್ದು ನಿಂತವನು ಹಾಗೇ ಕಂಬ ಹಿಡಿದುಕೊಂಡ. ನಾನು ಮುಗಿದೇ ಹೋಯಿತು ಎಂದುಕೊಂಡೆ. ಮನಸ್ಸಿನಲ್ಲಿ ಆ ಹುಡುಗನಿಗೆ ಏನೇನು ಬೈಯಬೇಕೋ ಎಲ್ಲಾ ಬೈದೆ. ಎಮ್ಮೆಯನ್ನೂ ಬಿಡಲಿಲ್ಲ.

ಪೇದೆ, "ಅಜ್ಜೀ, ಬೀಡಿಗೆ ಒಂಚೂರು ಬೆಂಕಿ ಇದ್ರೆ ಕೊಡ್ತೀರಾ?" ಎಂದ.

ಅಜ್ಜಿ ಒಲೆಯಿಂದ ಕೆಂಡವನ್ನೇ ಇಕ್ಕಳದಲ್ಲಿ ಹಿಡಿದುಕೊಂಡು ಬಂದಳು. ಅವನನ್ನು ಬೇಗ ಸಾಗಹಾಕುವ ಅವಸರದಲ್ಲಿ ಕೆಂಡ ಅವನ ಬೂಟಿನ ಮೇಲೇ ಬಿತ್ತು. ಅವನು ಹಾರಿ, ನಕ್ಕು, ಬೀಡಿ ಹಚ್ಚಿಕೊಂಡು ಹೋದ. ಬಾಗಿಲು ಹಾಕಿದ ಮೇಲೆ ನಾವು ಮೂವರೂ ನೆಲದ ಮೇಲೆ ಕೂತುಬಿಟ್ಟೆವು. ನಾನು ಬೈದದ್ದನ್ನೆಲ್ಲಾ ಮನಸ್ಸಿನಲ್ಲೇ ಒಂದೊಂದಾಗಿ ವಾಪಸು ತೆಗೆದುಕೊಂಡೆ.

ಬೇರೆ ಯಾರೂ ಬರಲಿಲ್ಲ. ಪೇಪರಿನಲ್ಲಿ ದೇವನಹಳ್ಳಿಯಿಂದ ಮಳೆ ಸುದ್ದಿ ಬಂತು, ಸಂತೆ ಸುದ್ದಿ ಬಂತು. ನಮ್ಮ ಮನೆಯ ಸುದ್ದಿ ಬರಲಿಲ್ಲ. ಕೊನೆಗೆ ಮಹಾರಾಜರ ಸರ್ಕಾರವೇ ಚಳವಳಿಗೆ ಒಪ್ಪಿತು, ಹಿಡಿದವರನ್ನೆಲ್ಲ ಬಿಟ್ಟರು, ಹುಡುಕುವುದನ್ನೂ ಬಿಟ್ಟರು. ಚಿಕ್ಕಪ್ಪ ಗಡ್ಡ ಬೋಳಿಸಿಕೊಂಡು ಮುಂಬಾಗಿಲಿನಿಂದ ಹೊರಗೆ ಹೋಗಿ ಬೀದಿಯ ಮಧ್ಯೆ ನಿಂತು ಮೈ ಮುರಿದ. ಪಕ್ಕದ ಮನೆಯಾಕೆ, "ತುಮಕೂರಿನ ನೀರು ಹಿಡಿಸಿದೆ, ಬೆಳ್ಳಗಾಗಿದೀಯ" ಎಂದಳು.

ಆದರೆ ಅಪ್ಪ ನನ್ನ ವಿಷಯ ಎತ್ತಲೇ ಇಲ್ಲ. ಚಿಕ್ಕಪ್ಪ ಕೇಳಿದರೆ, "ನೋಡೋಣ" ಎನ್ನುತ್ತಿದ್ದ. ಅಪ್ಪನ ನೋಡೋಣ ಎಂದರೆ ಏನೆಂದು ನಮಗೆ ಗೊತ್ತಿತ್ತು. ದಾರದ ಸಾಬರು ಬಂದು, ಆ ಹುಡುಗನಿಗೆ ಹೊಸಕೋಟೆಯಿಂದ ಇನ್ನೊಂದು ಸಂಬಂಧ ಬಂದಿದೆ ಎಂದು ಹೇಳಿ ಹೋದರು. ನಾನು ಅಡುಗೆಮನೆಗೆ ಹೋಗಿ ಒಲೆಗೆ ಊದಿದೆ. ಹೊಗೆ ಇದ್ದರೆ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಜರಿಯಂಚಿನ ಪಂಚೆಯೂ ಇರಲಿಲ್ಲ. ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿ ದೇವನಹಳ್ಳಿಗೆ ಹೋಗಿದ್ದ. ಸಂಜೆ ವಾಪಸು ಬಂದವನು ಜಗಲಿಯ ಮೇಲೆ ಕೂತ. ಅಜ್ಜಿ ಕಾಲಿಗೆ ನೀರು ಕೊಟ್ಟಳು. ಚಿಕ್ಕಪ್ಪ ಮಗ್ಗ ನಿಲ್ಲಿಸಿ ಹೊರಗೆ ಹೋದ. ನಾನು ಬಾಗಿಲ ಹಿಂದೆ ನಿಂತೆ.

"ಹುಡುಗನ್ನ ಕಂಡೆ" ಎಂದ ಅಪ್ಪ. "ಮನೇಲಿ ಒಬ್ನೇ ಇದ್ದ. ನಾನು ಬಾಯಿ ಬಿಟ್ಟು ಕೇಳೇಬಿಟ್ಟೆ. 'ತಪ್ಪು ತಿಳ್ಕೋಬೇಡಿ, ಅವತ್ತು ನಮ್ಮನೇಲಿ ನೀವು ಏನಾದ್ರೂ ನೋಡಿದ್ರಾ?' ಅಂತ. 'ನೋಡ್ದೆ' ಅಂದ. 'ಏನ್ ನೋಡಿದ್ರಿ?' ಅಂದೆ."

ಅಪ್ಪ ಅಲ್ಲಿಗೆ ನಿಲ್ಲಿಸಿ ಚೊಂಬಿನ ನೀರನ್ನೆಲ್ಲ ಕಾಲ ಮೇಲೆ ಸುರಿದುಕೊಂಡ. ಅಜ್ಜಿಗೆ ತಡೆಯಲಾಗಲಿಲ್ಲ. "ಏನಂದ? ಹೇಳೋ!"

"'ಹುಡುಗೀನ' ಅಂದ."

ಬೀದಿಯಲ್ಲಿ ಯಾರ ಮನೆಯ ಮಗ್ಗದ ಸದ್ದೋ ಕೇಳುತ್ತಿತ್ತು. ಅಪ್ಪನ ಭುಜ ಅಲುಗುತ್ತಿತ್ತು. ಅವನು ನಗುತ್ತಿದ್ದಾನೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಏಕೆಂದರೆ ಅವನು ಹಾಗೆ ನಕ್ಕದ್ದನ್ನು ನಾನು ಬುದ್ಧಿ ಬಂದಾಗಿನಿಂದ ಕಂಡಿರಲಿಲ್ಲ.

"ಅದಕ್ಕೆ ನೀನೇನಂದೆ?" ಎಂದಳು ಅಜ್ಜಿ.

"ಏನನ್ಲಿ? ನಾಡಿದ್ದು ಒಳ್ಳೇ ದಿನ ಇದೆ, ಬಂದು ಇನ್ನೊಂದ್ಸಲ ನೋಡ್ಕೊಂಡು ಹೋಗಿ ಅಂದೆ."